ಸೋಲಾಪುರ ರಸ್ತೆ, ಅಥಣಿ ರಸ್ತೆ

ಸ್ಟೇಷನ್ ಸ್ಟ್ಯಾಂಡಿನ್ಯಾಗ ಹದಿಮೂರು ಆಟೋ.
ಹನ್ನೊಂದಕ್ಕ ಪಕ್ಷ ಇಲ್ಲ, ಬಾಡಿಗಿ ಇದ್ದಕಡೆ ಹೊಳ್ಳತಾವ.
ನನ್ನ ಗಾಡಿ ಬೆನ್ನಿಗೆ ನೀಲಪರಿ,
ರೆಕ್ಕಿ ಬಿಚ್ಚಿದಾಕಿ, ಕೈಯಾಗ ಬಕೀಟಿನಷ್ಟು ನಕ್ಷತ್ರ.
ದಾವಲಸಾಬನ ಗಾಡಿಗೆ ಗಜರಾಜ,
ನಂಬರ್ ಪ್ಲೇಟಿನ ಮ್ಯಾಲ ಸೊಂಡಿಲ ಎತ್ತಿ ನೀರು ಉಗ್ಗತೈತಿ.

ಸೋಲಾಪುರ ರಸ್ತೆದ ಪಾರ್ಕು ನಮ್ಮದು,
ಅಥಣಿ ರಸ್ತೆದ್ದು ಅವರದು.
ಯಾವಾಗ ನಮ್ಮದಾತು ಅಂತ ಕೇಳಬ್ಯಾಡ್ರಿ,
ಅಲ್ಲಿ ನನ್ನದೊಂದು ಇಟ್ಟಂಗಿ ಇಲ್ಲ.
ಮೊದಲನೇ ದಿನ ಪುಕ್ಕಟ ಬಿಟ್ಟಿದ್ರು.
ಏಳನೇ ತೊಟ್ಟಿಲದಾಗ ಕುಂತು ಮ್ಯಾಲ ಹೋದಾಗ
ಗೋಳಗುಮ್ಮಟ ನನ್ನ ಮೊಣಕಾಲಿಗೆ ಬಂದಿತ್ತು.
ಅಷ್ಟ.

ಪರ ಊರಿನವರು ಇಳದು ಕೇಳತಾರ,
'ಮಕ್ಕಳಿಗೆ ಚಲೋ ಯಾವದಪಾ?'
ನಾ ನೀಲಪರಿ ಅನ್ನೂದ್ರೊಳಗ
ಅಂವ ಗಜರಾಜ ಅಂದಿರ್ತಾನ.
ಅವರ ಗೇಟಿನ್ಯಾಗ ತಲಿಗೆ ಇಪ್ಪತ್ತು ಕಮಿಷನ್,
ನಮ್ಮಲ್ಲಿ ಒಂದು ಚಾ.
'ಚಾದ ನಿಷ್ಠಿ ಎಣ್ಣಿ ತರೂದಿಲ್ಲ' ಅಂತಾಳ ಕಾಶವ್ವ.
ಖರೆ. ಆದರೂ ಅಥಣಿ ರಸ್ತೆಗೆ ಬಾಡಿಗಿ ಬಂತಂದ್ರ
ನನ್ನ ಕ್ಲಚ್ ಕೇಬಲ್ ಹರದಿರತೈತಿ.

ಅವನ ಆನಿ ಹೊಟ್ಟ್ಯಾಗ ಹೊಕ್ಕ ಹುಡುಗ
ಸೊಂಡಿಲಿನಾಗಿಂದ ನೀರಿಗೆ ಬೀಳಾಕ ಒಂಬತ್ತು ಸೆಕೆಂಡು.
ನಮ್ಮ ತೊಟ್ಟಿಲ ಒಂದು ಸುತ್ತಿಗೆ ಎಪ್ಪತ್ತು.
'ಎಪ್ಪತ್ತು ಸೆಕೆಂಡು ಸುಮ್ಮ ಕುಂಡ್ರೂದು ಆಟೇನೋ?
ಅದು ಬ್ಯಾಂಕಿನ ಪಾಳಿ.'
'ಒಂಬತ್ತು ಸೆಕೆಂಡಿನ್ಯಾಗ ಒಂದು ಸೀನು ಪೂರಾ ಆಗೂದಿಲ್ಲ.'
'ನಿಮ್ಮ ನೀರಿಗೆ ಔಷಧ ವಾಸನಿ.'
'ನಿಮ್ಮದಕ್ಕ ಅದೂ ಇಲ್ಲ.'
ಚಾದಂಗಡಿ ಇಮಾಂಬಿ ನಡುವ ಕೆಟಲಿ ಕುಕ್ಕತಿದ್ದಳು,
ಗಡಿಕಲ್ಲಿನಂಗ.

ಅವನ ಮಗಳ ಲಗ್ನದಾಗ ನಾ ಅನ್ನ ಬಡಿಸೀನಿ.
ನನ್ನ ಅವ್ವ ಹೋದಾಗ ಅಂವ ಹೆಗಲ ಕೊಟ್ಟಾನ.
ಆ ದಿನಾನೂ ಪಾರ್ಕಿನ ಮಾತು ಬರಲಿಲ್ಲ ಅಂದ್ರ ಸುಳ್ಳಾದೀತು.
ಮಣ್ಣು ಕೊಟ್ಟು ಬರುವಾಗ, ಮೆಲ್ಲಗ,
'ಆನಿಗೆ ಹೊಸ ಬಣ್ಣ ಹಚ್ಚ್ಯಾರ' ಅಂದ.
ನಾ ಕಣ್ಣೊರಸಿಕೊಂಡು
'ಬಣ್ಣ ಹಚ್ಚಿದ್ರ ಸೋರೂದು ನಿಲ್ಲತೈತೇನು' ಅಂದೆ.
ಆವಾಗ ಉಸರು ಬಂತು.

ಕಾರಹುಣ್ಣಿಮಿ ದಾಟಿದ ಮ್ಯಾಲ ನೀಲಪರಿಗೆ ಕೀಲಿ ಬಿತ್ತು.
ಯಾರೂ ಹೇಳಲಿಲ್ಲ.
ಗೇಟಿನ ಮಲ್ಕಾರಿ ಕಡೀ ಚಾ ಕೊಟ್ಟು,
ಖಾಲಿ ಕಪ್ಪು ಹೊಳ್ಳಿ ಕೊಡಾಕ ಹೋದ್ರ
'ಇಟ್ಕೊಳೊ' ಅಂದ.
ತೊಟ್ಟಿಲ ಬಿಚ್ಚಿ ಮೂರು ಲಾರಿಗೆ ಹೇರಿದ್ರು.
ಗುಜರಿಗೆ ಅಂದ್ಕೊಂಡೆ.
ಲಾರಿ ಅಥಣಿ ರಸ್ತೆಗೆ ಹೊಳ್ಳಿದ್ವು.

ಅಂವ ಗೆದ್ದಾಂವನಂಗ ಬರತಾನ ಅಂತ
ನಾ ಉತ್ತರ ತಯಾರ ಮಾಡಿಕೊಂಡು ಕುಂತಿದ್ದೆ, ನಾಕೈದು, ಚಲೋ ಚಲೋವು.
ಬಂದ. ಚಾ ಕುಡದ. ಹೋದ.
ಎಂಟು ದಿನ ಹಿಂಗ.
ಒಂದು ಮುಂಜಾನೆ ಗದಗಿನ ಕುಟುಂಬ ಕೇಳಿತು.
'ಗಜರಾಜ' ಅಂದು ತಡದ, ನನ್ನ ಕಡೆ ನೋಡಿದ,
ಮೆಟ್ಟಲ ತಪ್ಪಿದಾಂವನಂಗ.
ನಾ ಮಾತಾಡಲಿಲ್ಲ.
ಅವರು ಟಾಂಗಾ ಹತ್ತಿ ಗುಮ್ಮಟಕ್ಕ ಹೋದ್ರು.

ಒಂಬತ್ತನೇ ದಿನ ತನ್ನ ಗಾಡಿ ಮುಂದ ತಂದು ನಿಲ್ಲಿಸಿದ.
'ಹತ್ತು, ಸಂಗನಬಸು.'
'ಬಾಡಿಗಿ ಎಷ್ಟು?'
'ಬಾಯಿ ಮುಚ್ಚಗೊಂಡು ಹತ್ತು.'

ಹಳದಿ ಬಡದಿದ್ರು ನಮ್ಮ ತೊಟ್ಟಿಲಕ್ಕ.
ಏಳನೇದ್ದರ ಸಲಾಕಿ ಕೆಳಗ ಉಗುರ ಹಾಕಿ ಕೆರದೆ,
ಹಳದಿ ಒಳಗ ನೀಲಿ.
ಮ್ಯಾಲ ಹೋದ್ವಿ. ಗುಮ್ಮಟ ಬ್ಯಾರೆ ದಿಕ್ಕಿಗಿತ್ತು,
ಯಾರೋ ಮರತು ಇಟ್ಟುಹೋದ ಗಡಗಿಯಂಗ.
ದಾವಲಸಾಬ ಎರಡೂ ಕೈಲೆ ಸಲಾಕಿ ಹಿಡದು
ಕಣ್ಣು ಗಟ್ಟಿ ಮುಚ್ಚಿದ್ದ.
ಎತ್ತರ ಕಂಡ್ರ ಅಂಜಿಕಿ ಅಂತ
ಹದಿನಾಲ್ಕು ವರ್ಷ ಹೇಳಿರಲಿಲ್ಲ ಮಗಾ.

'ಎಷ್ಟಾತು?' ಅಂದ ಕೆಳಗ ಬಂದಾಗ.
'ಐವತ್ತೆರಡು. ನಿಮ್ಮವರು ಮೋಟಾರ ಕೆಡಸ್ಯಾರ.'
ಒಂದು ಕಣ್ಣು ತೆರದ.
'ನೀಲಪರಿ ಮಂದಿಗೆ ಎಣಸಾಕ ಬರೂದಿಲ್ಲ.
ಇನ್ನೊಂದು ಸುತ್ತು ಹೋಗೂಣು, ನಾ ಎಣಸ್ತೀನಿ'
ಅಂದು, ಮತ್ತ ಮುಚ್ಚಿದ.